ಕೆಚ್ಚು ಕಲಿಸಿದ ಚಳಿಗಾಲ

ನೂಲಿನ ಅಂಗಡಿಯವರು ಪ್ರತಿ ಜನವರಿಯಲ್ಲಿ ಅಪ್ಪನಿಗೆ ಒಂದು ಡೈರಿ ಕೊಡುತ್ತಿದ್ದರು. ಅಪ್ಪನಿಗೆ ಅದರಲ್ಲಿ ಬರೆಯುವಂಥದ್ದೇನೂ ಇರುತ್ತಿರಲಿಲ್ಲ. ಎಂಟನೇ ತರಗತಿಯಿಂದ ಅದು ನನ್ನ ಪಾಲಿಗೆ ಬಂತು. ಶಾಲೆಗೆ ಹೋದ ದಿನ, ಹೋಗದ ದಿನ, ಓದಿದ ಪುಟ, ಮಗ್ಗಕ್ಕೆ ಹಾಸು ಏರಿದ ದಿನ, ಮುಗಿದ ದಿನ, ಇಷ್ಟನ್ನು ಬರೆಯುತ್ತಿದ್ದೆ. ಮನಸ್ಸಿನ ಸಂಗತಿ ಬರೆಯಲು ಆ ಡೈರಿಯ ಗೆರೆಗಳು ಸಾಲುತ್ತಿರಲಿಲ್ಲ, ನನಗೆ ಆ ಅಭ್ಯಾಸವೂ ಇರಲಿಲ್ಲ. ಹಾಗಾಗಿ 1971ರ ಕೊನೆ ಮತ್ತು 1972ರ ಆರಂಭದ ಆ ತಿಂಗಳುಗಳ ಬಗ್ಗೆ ಡೈರಿ ನನಗೆ ದಿನಗಳನ್ನಷ್ಟೇ ಕೊಡುತ್ತದೆ. ಯಾರು ಏನು ಅಂದರು ಎಂಬುದು ನನ್ನ ತಲೆಯಲ್ಲಿದೆ. ಮಾಸುವ ಮುಂಚೆ ಬರೆದಿಡುತ್ತಿದ್ದೇನೆ.

ಆಗ ನಾನು ದೊಡ್ಡಬಳ್ಳಾಪುರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹತ್ತನೇ ತರಗತಿ. ಮನೆಯಲ್ಲಿ ಅಪ್ಪ, ಅಮ್ಮ, ನನಗಿಂತ ನಾಲ್ಕು ವರ್ಷ ದೊಡ್ಡವನಾದ ಅಣ್ಣ, ಮತ್ತು ಎರಡು ಕರೆಂಟಿನ ಮಗ್ಗ. ಮಗ್ಗಗಳನ್ನು ಮನೆಯವರ ಜೊತೆಗೇ ಸೇರಿಸಿ ಹೇಳುವುದಕ್ಕೆ ಕಾರಣವಿದೆ. ಅವುಗಳ ಸದ್ದು ನಡೆಯುತ್ತಿರುವಷ್ಟು ಹೊತ್ತು ನಮಗೆ ಅದು ಕೇಳಿಸುತ್ತಲೇ ಇರಲಿಲ್ಲ. ನಿಂತ ಕೂಡಲೇ ಎಲ್ಲರೂ ತಲೆಯೆತ್ತುತ್ತಿದ್ದೆವು.

ದಸರಾ ರಜೆಯಲ್ಲಿ ಅಮ್ಮನ ಕಣ್ಣು ಕೈಕೊಟ್ಟಿತು. ಅಡುಗೆ ಮಾಡಲು, ಬೀದಿಯಲ್ಲಿ ನಡೆಯಲು ತೊಂದರೆ ಇರಲಿಲ್ಲ. ಎಳೆ ಮಾತ್ರ ಒಂದಿದ್ದದ್ದು ಎರಡಾಗಿ ಕಾಣುತ್ತಿತ್ತು. ಆಸ್ಪತ್ರೆಯಲ್ಲಿ ಕನ್ನಡಕ ಕೊಟ್ಟರು, ಆದರೆ ಸಣ್ಣ ಕೆಲಸ ಇನ್ನು ಬೇಡವೆಂದರು. ನಮ್ಮ ಮನೆಯ ಸಣ್ಣ ಕೆಲಸವೆಂದರೆ ಕೆಚ್ಚುವುದು.

ನೇಕಾರರಲ್ಲದವರಿಗೆ ಇದನ್ನು ಹೇಳಬೇಕು. ಮಗ್ಗದ ಉದ್ದಕ್ಕೆ ಹರಡಿರುವ ಎಳೆಗಳ ಸಾಲಿಗೆ ಹಾಸು ಎನ್ನುತ್ತೇವೆ. ಅದು ಮುಗಿಯುತ್ತ ಬಂದಾಗ ಕೊನೆಯ ಗೇಣುದ್ದವನ್ನು ಮಗ್ಗದಲ್ಲೇ ಬಿಟ್ಟು ಕತ್ತರಿಸುತ್ತಾರೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ಒಂದೊಂದು ತುದಿಗೆ ಸೇರಿಸಿ, ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಹೊಸೆಯಬೇಕು. ಗಂಟು ಹಾಕುವಂತಿಲ್ಲ. ಗಂಟು ಮಗ್ಗದ ಸಣ್ಣ ಸಂದಿಯಲ್ಲಿ ಸಿಕ್ಕಿ ಎಳೆ ಕಿತ್ತುಹೋಗುತ್ತದೆ. ಇಂಥವು ಸಾವಿರಾರು ಎಳೆ. ಬೆಳಿಗ್ಗೆ ಕೂತರೆ ದೀಪ ಹಚ್ಚುವ ಹೊತ್ತಿಗೆ ಮುಗಿಯುತ್ತದೆ. ಇದೇ ಕೆಚ್ಚುವುದು. ನಮ್ಮ ಬೀದಿಯಲ್ಲಿ ಅದು ಹೆಂಗಸರು ಕೂರುವ ಕೆಲಸ. ಮಗ್ಗ ನಡೆಸುವವರು ಗಂಡಸರು. ಕೆಚ್ಚುವ ದಿನ ಮಗ್ಗ ನಿಂತಿರುವುದರಿಂದ ಅವರಿಗೆ ಅದು ರಜೆಯ ದಿನ. ಅಣ್ಣ ಅವತ್ತು ತಲೆಗೆ ಎಣ್ಣೆ ಹಚ್ಚಿ, ಕ್ರಾಪು ತೀಡಿಕೊಂಡು ಮ್ಯಾಟಿನಿಗೆ ಹೋಗುತ್ತಿದ್ದ.

"ಇನ್ಮೇಲೆ ಕೆಚ್ಚೋಕೆ ನೀನು ಕೂತ್ಕೋ ಮಗಾ," ಎಂದರು ಅಪ್ಪ. "ಹೊರಗಿನೋರನ್ನ ಕರೆದ್ರೆ ಅವರು ಬರೋ ಹೊತ್ಗೆ ಎರಡು ದಿನ ಮಗ್ಗ ನಿಂತಿರುತ್ತೆ."

"ಸ್ಕೂಲು?"

"ವಾರಕ್ಕೊಂದು ದಿನ ತಾನೆ. ಮಿಕ್ಕ ದಿನ ಹೋಗು, ಯಾರು ಬೇಡ ಅಂದೋರು?"

ಎರಡು ಮಗ್ಗಕ್ಕೆ ಸೇರಿ ಸರಿಯಾಗಿ ವಾರಕ್ಕೊಂದು ಹಾಸು ಬೀಳುತ್ತಿತ್ತು, ಎಂದರೆ ಮುಗಿಯುತ್ತಿತ್ತು. ಆಗಸ್ಟಿನಲ್ಲಿ ಜ್ವರ ಬಂದು ನಾನಾಗಲೇ ಬಹಳ ದಿನ ಕಳೆದುಕೊಂಡಿದ್ದೆ. ಹಾಜರಿ ಸಾಲದಿದ್ದರೆ ಹೆಡ್ಮಿಸ್ಟ್ರೆಸ್ಸು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕಳಿಸುವುದಿಲ್ಲ. ಡೈರಿ ತೆಗೆದು ಮಾರ್ಚಿನವರೆಗೆ ಲೆಕ್ಕ ಹಾಕಿದೆ. ವಾರಕ್ಕೊಂದು ದಿನ ಬಿಟ್ಟರೆ ಶಿವರಾತ್ರಿಯ ಹೊತ್ತಿಗೆ ನನ್ನ ಪರೀಕ್ಷೆ ಹೋಯಿತು. ಪರೀಕ್ಷೆ ಹೋದರೆ ಮುಂದೆ ಯಾರೂ ನನ್ನನ್ನು ಶಾಲೆಯ ಹೆಸರಿನಲ್ಲಿ ಹೊಸಿಲು ದಾಟಿಸುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ನಮ್ಮ ಬೀದಿಯಲ್ಲಿ ಹತ್ತನೆಯದು ಬರೆದ ಹುಡುಗಿ ಆವರೆಗೆ ಇರಲಿಲ್ಲ. ನಾನು ಬರೆಯುವವಳಿದ್ದೆ.

ಆ ವರ್ಷ ನಮ್ಮ ಕನ್ನಡದ ಉಪಪಠ್ಯ ಒಂದು ಕಾದಂಬರಿ. ಅದರ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ, ಎಲ್ಲರ ಬಾಯಲ್ಲೂ ಅದು ‘ನಾನ್‌ಡೀಟೇಲು’. ಯಾವುದೋ ಚಳಿ ದೇಶದಲ್ಲಿ ಬಹಳ ಹಿಂದೆ ಬರೆದ ದೊಡ್ಡ ಪುಸ್ತಕವನ್ನು ಮಕ್ಕಳಿಗಾಗಿ ಸಣ್ಣದು ಮಾಡಿ ಕನ್ನಡಕ್ಕೆ ತಂದಿದ್ದರು. ಹೊಳೆಯ ದಂಡೆಯಲ್ಲಿ ನೀರಿನಿಂದ ತಿರುಗುವ ಒಂದು ಹಿಟ್ಟಿನ ಗಿರಣಿ. ಗಿರಣಿಯವನು ತೀರಿಕೊಂಡ ಮೇಲೆ ಅವನ ಎರಡನೇ ಹೆಂಡತಿ ಅದನ್ನು ನಡೆಸುತ್ತಾಳೆ. ಮಲಮಗನಿಗೆ ಪಟ್ಟಣದ ಶಾಲೆಗೆ ಹೋಗುವ ಆಸೆ. ಅವಳು ಬೇಡ ಅನ್ನುತ್ತಾಳೆ. ಹುಡುಗ ಒಂದು ಬೆಳಿಗ್ಗೆ ಹಿತ್ತಲ ಬಾಗಿಲಿನಿಂದ ಹೊರಟು ಹುಲ್ಲಿನ ಗಾಡಿ ಹತ್ತಿ ಪಟ್ಟಣ ಸೇರುತ್ತಾನೆ. ಅಲ್ಲಿ ತಾನು ದೊಡ್ಡ ವ್ಯಾಪಾರಿಯ ಮಗನೆಂದು ಹೇಳಿಕೊಳ್ಳುತ್ತಾನೆ. ಕೋಟಿನ ಹೊಲಿಗೆಯಲ್ಲಿ ಉಳಿದ ಗಿರಣಿಯ ಹಿಟ್ಟನ್ನು ಯಾರಿಗೂ ಕಾಣದಂತೆ ಉಗುರಿನಿಂದ ಕೆರೆದು ತೆಗೆಯುತ್ತಾನೆ. ಎರಡು ವರ್ಷದ ಮೇಲೆ ಹೊಳೆ ಉಕ್ಕಿ ಗಿರಣಿಯ ಕಟ್ಟೆ ಒಡೆದ ಸುದ್ದಿ ಬರುತ್ತದೆ. ಅವನು ಊರಿಗೆ ವಾಪಸಾಗಿ ಒಂದು ಚಳಿಗಾಲ ಮಲತಾಯಿಯ ಜೊತೆ ನಿಂತು ಎಲ್ಲವನ್ನೂ ಮತ್ತೆ ಕಟ್ಟಿ, ಹಿಮ ಕರಗಿದ ಮೇಲೆ ಪುನಃ ಶಾಲೆಗೆ ಹೊರಡುತ್ತಾನೆ.

ಹಿಟ್ಟು ಕೆರೆಯುವ ಪುಟವನ್ನು ನಾನು ಹಲವು ಸಲ ಓದಿದೆ. ನಾನೂ ಶಾಲೆಯ ಗೇಟಿನ ಬಳಿ ನಿಂತು ಜಡೆಯಿಂದ ನೂಲಿನ ಧೂಳು ತೆಗೆಯುತ್ತಿದ್ದೆ.

ಪುಸ್ತಕದ ಕೊನೆಯಲ್ಲಿ ‘ಈ ಕಥೆಯ ನೀತಿಗಳು’ ಎಂದು ನಾಲ್ಕು ಸಾಲು ಅಚ್ಚಾಗಿತ್ತು. ಸುಳ್ಳು ಹೇಳಿದರೆ ಕೆಡುಕು. ಹಿರಿಯರ ಮಾತು ಮೀರಬಾರದು. ಹುಟ್ಟಿದ ಮನೆಯನ್ನು ಮರೆಯಬಾರದು. ತ್ಯಾಗವೇ ಶ್ರೇಷ್ಠ. ನನಗೆ ಲೆಕ್ಕ ತಾಳೆ ನೋಡುವ ಚಟ. ಹುಡುಗ ಹೇಳಿದ ಸುಳ್ಳುಗಳನ್ನು ಡೈರಿಯ ಹಿಂದಿನ ಹಾಳೆಯಲ್ಲಿ ಒಂದು ಕಡೆ, ಅವುಗಳಿಂದ ಆದ ಕೆಡುಕನ್ನು ಇನ್ನೊಂದು ಕಡೆ ಬರೆದೆ. ಸುಳ್ಳು ಏಳಾದವು, ಕೆಡುಕು ಎರಡೇ. ಮಿಕ್ಕ ಐದು ಸುಳ್ಳಿನಿಂದ ಅವನಿಗೆ ಊಟ, ಹಾಸಿಗೆ, ಶಾಲೆಯಲ್ಲಿ ಜಾಗ, ಇಬ್ಬರು ಗೆಳೆಯರು ಮತ್ತು ಒಂದು ಜೊತೆ ಬೂಟು ಸಿಕ್ಕಿತ್ತು. ಒಂದೇ ಒಂದು ಸಲ ನಿಜ ಹೇಳಿದಾಗ ಏಟು ತಿಂದಿದ್ದ.

ಇದನ್ನು ತರಗತಿಯಲ್ಲಿ ಹೇಳಿದೆ. ನಮ್ಮ ಕನ್ನಡ ಮೇಷ್ಟ್ರು ಮೈಸೂರು ಕಡೆಯವರು, ಮೆಲು ದನಿ. ಕನ್ನಡಕ ತೆಗೆದು ಒರೆಸಿಕೊಂಡರು.

"ಲೆಕ್ಕದ ಮೇಷ್ಟ್ರಿಗೆ ಸಿಗಬೇಕಾದೋಳು ನನಗೆ ಸಿಕ್ಕಿದೀಯಲ್ಲಮ್ಮ. ಹಾಗಾದ್ರೆ ಸುಳ್ಳು ಹೇಳಬಹುದು ಅಂತೀಯಾ?"

"ಇಲ್ಲ ಸಾರ್. ಹೇಳಬಾರದು ಅನ್ನೋದಕ್ಕೆ ಪುಸ್ತಕ ಕೊಟ್ಟಿರೋ ಕಾರಣ ಸರಿಯಿಲ್ಲ ಅಂತೀನಿ."

"ಸರಿಯಾದ ಕಾರಣ ಸಿಕ್ಕಿದಾಗ ನನಗೂ ಹೇಳು. ಪರೀಕ್ಷೇಲಿ ಮಾತ್ರ ಅಚ್ಚಾಗಿರೋ ನಾಲ್ಕನ್ನೂ ಬರಿ. ಪೇಪರ್ ತಿದ್ದೋರು ಯಾವೂರಿನೋರೋ ಏನೋ. ನಾಲ್ಕು ನೀತಿಗೆ ನಾಲ್ಕು ಮಾರ್ಕು."

ನವೆಂಬರಿನ ಮೊದಲ ಎರಡು ವಾರದಲ್ಲಿ ನಾನು ಎರಡು ಹಾಸು ಕೆಚ್ಚಿದೆ, ಎರಡು ದಿನ ಶಾಲೆ ತಪ್ಪಿತು. ಎರಡನೆಯ ಸಲ ಅಣ್ಣ ಸಿನಿಮಾಕ್ಕೆ ಹೊರಟವನು ಚಪ್ಪಲಿ ಮೆಟ್ಟುತ್ತ ಬಾಗಿಲಲ್ಲಿ ನಿಂತಿದ್ದ. ನಾನು ಬೇಜಾರು ಕಳೆಯಲು ಅಮ್ಮನಿಗೆ ಗಿರಣಿ ಹುಡುಗನ ಕತೆ ಹೇಳುತ್ತಿದ್ದೆ. ಪಟ್ಟಣದ ಹುಡುಗರು ಅವನನ್ನು ಸೇತುವೆಯ ಮೇಲೆ ಅಡ್ಡಗಟ್ಟಿದ ಜಾಗಕ್ಕೆ ಬಂದಿತ್ತು.

"ಆಮೇಲೇನಾಯ್ತು?" ಎಂದ ಅಣ್ಣ.

"ನಿಂಗೆ ಸಿನಿಮಾಗೆ ಹೊತ್ತಾಗಲ್ವಾ?"

"ಹೇಳೇ, ಹೊಡೆದ್ನಾ ಇಲ್ವಾ?"

"ಆ ತುದೀಲಿ ಕೂತ್ಕೊಂಡು ಎಳೆ ಹಿಡ್ಕೊಡು. ಹೇಳ್ತೀನಿ."

"ನಾನ್ ಕೆಚ್ಚೋಕೆ ಕೂತ್ಕೊಳ್ಳೋದಾ? ಸೀರೆನೂ ಉಟ್ಕೊಂಡ್ಬಿಡ್ಲಾ?"

"ವರ್ಷವೆಲ್ಲಾ ಸೀರೆ ನೇಯ್ತೀಯ, ಒಂದಿನ ಉಟ್ರೆ ಏನ್ ಹೋಯ್ತು?"

ಅಮ್ಮ ನಕ್ಕುಬಿಟ್ಟಳು. "ಬಿಡೇ ಅವನ್ನ. ಗಂಡಸರ ಬೆರಳಿಗೆ ಅದು ಬರಲ್ಲ. ನಿಮ್ಮಪ್ಪನೂ ಮದುವೆ ಆದ ಹೊಸದ್ರಲ್ಲಿ ಒಂದ್ಸಲ ಕೂತಿದ್ರು, ಹಾಸೆಲ್ಲಾ ಜಡೆ ಹೆಣೆದಂಗೆ ಮಾಡಿ ಎದ್ದು ಹೋದ್ರು."

ಅಣ್ಣನಿಗೆ ಅಷ್ಟು ಸಾಕಾಯಿತು. ಚಪ್ಪಲಿ ಬಿಟ್ಟು ಬಂದು ಕೂತ. ಆಗ ನಾನು ಪುಸ್ತಕ ತಂದು, ನನ್ನ ಬಳಿ ಇದ್ದ ದೊಡ್ಡ ಸಾಕ್ಷಿಯನ್ನು ಅವನ ಮುಂದೆ ಇಟ್ಟೆ. ಊರಿಗೆ ವಾಪಸಾದ ಹುಡುಗನ ಬಗ್ಗೆ ಬರೆದ ಅಧ್ಯಾಯದ ಕೊನೆಯ ಸಾಲು ಅದು: ‘ಆ ಚಳಿಗಾಲ ಅವನಿಗೆ ಕೆಚ್ಚನ್ನು ಕಲಿಸಿತು.’

"ನೋಡು. ಅವನೂ ಗಂಡಸೇ. ಕಲೀಲಿಲ್ವಾ?"

ನಾನು ಅವನಿಗೆ ಮೋಸ ಮಾಡಲಿಲ್ಲ. ಆ ಸಾಲನ್ನು ನಾನು ಹಾಗೆಯೇ ಓದಿಕೊಂಡಿದ್ದೆ. ಮೊದಲ ಅಧ್ಯಾಯದಲ್ಲಿ ಮಲತಾಯಿ ಸಂಜೆ ಕೂತು ಉಣ್ಣೆ ನೂಲುವ ಮಾತಿತ್ತು. ನೂಲುವವರ ಮನೆಯಲ್ಲಿ ಮಗ್ಗ ಇರದೆ ಹೋದೀತೆ? ಗಿರಣಿ ಮುರಿದಿದೆ, ಹೊರಗೆ ಹಿಮ ಬೀಳುತ್ತಿದೆ, ಅವಳು ಮಗ್ಗಕ್ಕೆ ಹಾಸು ಏರಿಸಿದ್ದಾಳೆ, ಎದುರು ತುದಿಯಲ್ಲಿ ಹುಡುಗ ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಕೂತಿದ್ದಾನೆ. ಇದೆಲ್ಲ ನನಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಪುಸ್ತಕದವರು ಅದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದು ಸಣ್ಣದು ಮಾಡುವ ಅವಸರದಲ್ಲಿ ಎಂದುಕೊಂಡಿದ್ದೆ. ಆ ಸಾಲಿನ ಅರ್ಥವೂ ನನಗೆ ಸೊಗಸಾಗಿ ಕೂಡಿಬಂದಿತ್ತು. ಬಿಟ್ಟು ಹೋದ ಹಳೆಯ ತುದಿಗೆ ಹೊಸ ಎಳೆ ಸೇರಿಸುವುದನ್ನು ಕಲಿತ ಎಂದು.

ಡಿಸೆಂಬರು ಮುಗಿಯುವ ಹೊತ್ತಿಗೆ ಅಣ್ಣ ಕೆಚ್ಚುವುದನ್ನು ಕಲಿತಿದ್ದ. ಮೊದಲ ದಿನ ಬೂದಿ ಹೆಚ್ಚಾಗಿ ಎಳೆಯೆಲ್ಲ ಕೊಳೆಯಾಯಿತು. ಎರಡನೆಯ ಸಲ ಹೊಸೆದದ್ದು ಮಗ್ಗ ಎಳೆದ ತಕ್ಷಣ ಬಿಚ್ಚಿಕೊಂಡಿತು. ಅಮ್ಮ ಅವನ ಕೈ ಹಿಡಿದು, ಹೆಬ್ಬೆಟ್ಟು ಯಾವ ಕಡೆ ತಿರುಗಬೇಕೆಂದು ಕಣ್ಣು ಮುಚ್ಚಿಕೊಂಡೇ ತೋರಿಸಿದಳು. ಆಮೇಲಿನ ಹಾಸನ್ನು ಅವನೊಬ್ಬನೇ ಮುಗಿಸಿದ. ನಾನು ಅವತ್ತು ಶಾಲೆಯಲ್ಲಿದ್ದೆ. ಪ್ರತಿ ಸಲ ಸಂಜೆ ಅವನಿಗೆ ಒಂದು ಅಧ್ಯಾಯ ಓದಿ ಹೇಳುವುದು ನಮ್ಮಿಬ್ಬರ ಒಪ್ಪಂದ. ಅಪ್ಪ ಮಾತ್ರ ಅಣ್ಣ ಕೂತಿರುವಾಗ ಬೀದಿ ಕಿಟಕಿಯ ಬಾಗಿಲು ಮುಚ್ಚುತ್ತಿದ್ದರು. ಬೆಳಕು ಸಾಲದೆ ಅಣ್ಣ ಅದನ್ನು ಮತ್ತೆ ತೆಗೆಯುತ್ತಿದ್ದ.

ತೆಗೆದ ಕಿಟಕಿಯಲ್ಲಿ ಒಂದು ದಿನ ಅವನ ಮೂವರು ಗೆಳೆಯರ ಮುಖ ಕಾಣಿಸಿತು.

"ಏನ್ ಗುರು, ಬಳೆ ಸೈಜ್ ಹೇಳು, ತಂದ್ಕೊಡ್ತೀವಿ."

"ನಿಮ್ಮಪ್ಪನ ಕೈಗೆ ಹಿಡಿಸೋದು ತಗೊಂಡ್ ಬಾ ಲೇ."

"ಅಲ್ಲ ಕಣೋ, ಮಾನ ಮರ್ಯಾದೆ ಬ್ಯಾಡ್ವಾ?"

"ಫಾರಿನ್ನಲ್ಲಿ ಗಂಡಸ್ರೇ ಕೆಚ್ಚೋದು, ತಿಳ್ಕೋ. ಪುಸ್ತಕದಲ್ಲಿದೆ. ಗೌರ್ಮೆಂಟ್ ಪುಸ್ತಕ. ಬೇಕಾದ್ರೆ ನಿನ್ ತಂಗೀನ ಕೇಳು, ಅವಳ ಹತ್ರಾನೂ ಐತೆ."

ಆ ಗೆಳೆಯನ ತಂಗಿ ನನ್ನ ತರಗತಿಯವಳೇ. ಅವಳು ಮನೆಯಲ್ಲಿ ಪುಸ್ತಕ ತೆರೆದು, ಹೌದು ಇದೆ ಎಂದಳಂತೆ. ನಮ್ಮ ಬೀದಿಯ ಮಗಳಲ್ಲವೇ, ಅವಳೂ ನನ್ನ ಹಾಗೆಯೇ ಓದಿಕೊಂಡಿದ್ದಳು. ಆಮೇಲೆ ಕಿಟಕಿಗೆ ಯಾರೂ ಬರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಮೇಷ್ಟ್ರು ಉಪಪಠ್ಯದ ಮೇಲೆ ಒಂದು ಕಿರುಪರೀಕ್ಷೆ ಕೊಟ್ಟರು. ಆ ಸಾಲನ್ನೇ ಹಲಗೆಯ ಮೇಲೆ ಬರೆದು, ‘ಸಂದರ್ಭದೊಂದಿಗೆ ವಿವರಿಸಿ’ ಎಂದರು. ನಾನು ಎರಡೂವರೆ ಪುಟ ಬರೆದೆ. ಮಾರನೆಯ ದಿನ ಅವರು ಪೇಪರುಗಳನ್ನು ಎರಡು ರಾಶಿ ಮಾಡಿ ಮೇಜಿನ ಮೇಲಿಟ್ಟರು.

"ಈ ಕಡೆ ರಾಶಿಯಲ್ಲಿ ಮಗ್ಗ ಬಂದಿದೆ," ಎಂದರು. "ಒಬ್ಬರಲ್ಲ ಇಬ್ಬರಲ್ಲ, ಅರ್ಧ ಕ್ಲಾಸು. ನಿನ್ನೆ ಮನೇಲಿ ಎರಡು ಸಲ ಪುಸ್ತಕವೆಲ್ಲ ಹುಡುಕಿದೆ ಕಣ್ರಮ್ಮ. ಗಿರಣಿ ಇದೆ, ಕುದುರೆ ಇದೆ, ಹೊಳೆ ಇದೆ. ಈ ಮಗ್ಗವನ್ನ ಎಲ್ಲಿಂದ ತಂದ್ರಿ?"

ನಾನು ಎದ್ದು ಹೇಳಿದೆ. ಕೆಚ್ಚುವುದು ಎಂದರೇನೆಂದು ಹೇಳುತ್ತಿರುವಾಗ ನನ್ನ ಅಕ್ಕಪಕ್ಕದ ನೇಕಾರರ ಹುಡುಗಿಯರೆಲ್ಲ ಬೆರಳು ಹೊಸೆದು ತೋರಿಸುತ್ತಿದ್ದರು. ಮೇಷ್ಟ್ರು ಕೇಳುತ್ತ ಕೂತರು, ನಗಲಿಲ್ಲ. ನಕ್ಕದ್ದು ಹಿಂದಿನ ಬೆಂಚು. ತೂಬಗೆರೆ ಕಡೆಯ ರೈತರ ಮಗಳೊಬ್ಬಳು ಕೈ ಎತ್ತಿದಳು.

"ನಮ್ಮಲ್ಲಿ ಕೆಚ್ಚು ಅಂದ್ರೆ ಮರದ ಒಳಗಿನ ಗಟ್ಟಿ ತಿರುಳು ಸಾರ್. ನಮ್ಮಪ್ಪ ಜಾಲಿ ಕೆಚ್ಚಲ್ಲೇ ನೇಗಿಲು ಮಾಡ್ಸೋದು. ಹುಡುಗನ್ನ ಮರ ಕಡಿಯೋಕೆ ಕಳಿಸಿದ್ರೇನೋ ಅಂದ್ಕೊಂಡೆ."

ಈ ಸಲ ಮೇಷ್ಟ್ರೂ ನಕ್ಕರು. ಆಮೇಲೆ ಹಲಗೆಯ ಮೇಲೆ ಆ ಪದವನ್ನು ದೊಡ್ಡದಾಗಿ ಬರೆದು, ಮುಂದೆ ‘ಧೈರ್ಯ, ಎದೆಗಾರಿಕೆ’ ಎಂದು ಬರೆದರು. ಪುಸ್ತಕದಲ್ಲಿ ಇರುವ ಅರ್ಥ ಅದೊಂದೇ. ನಿಮ್ಮದು ತಪ್ಪು ಕನ್ನಡವಲ್ಲ, ತಪ್ಪು ಜಾಗದಲ್ಲಿ ಬಂದ ಸರಿ ಕನ್ನಡ ಎಂದರು. ಆದರೂ ನನಗೆ ಹತ್ತಕ್ಕೆ ಎರಡು ಕೊಟ್ಟಿದ್ದರು, ಅಕ್ಷರ ಗುಂಡಾಗಿದೆ ಎಂದು.

ಎರಡು ಮಾರ್ಕು ನನಗೆ ದೊಡ್ಡದೆನಿಸಲಿಲ್ಲ. ಅಣ್ಣನಿಗೆ ಹೇಗೆ ಹೇಳುವುದು ಎಂಬ ಯೋಚನೆ ಹತ್ತಿತ್ತು. ಹೇಳದೆ ಇದ್ದರೂ ಆಗುತ್ತಿತ್ತೇನೋ, ಆದರೆ ಕಿಟಕಿಯ ಗೆಳೆಯನ ತಂಗಿ ನನ್ನ ಮುಂದಿನ ಬೆಂಚಿನಲ್ಲೇ ಕೂತಿದ್ದಳು. ಅವಳಿಗಿಂತ ಮೊದಲು ಮನೆ ಸೇರಬೇಕೆಂದು ಬೇಗ ಬೇಗ ನಡೆದೆ. ಅಣ್ಣ ಮಗ್ಗದ ಮುಂದಿದ್ದ. ಸದ್ದಿನಲ್ಲಿ ಕೂಗಿ ಹೇಳಬೇಕಾಯಿತು.

"ಅಣ್ಣಾ! ಕೆಚ್ಚು ಅಂದ್ರೆ ಅದಲ್ವಂತೆ! ಧೈರ್ಯ ಅಂತೆ!"

ಅವನು ಮಗ್ಗ ನಿಲ್ಲಿಸಿದ. "ಏನಂದೆ?"

ಇನ್ನೊಮ್ಮೆ ಹೇಳಿದೆ.

"ಮತ್ತೆ ಮಗ್ಗ?"

"ಆ ಪುಸ್ತಕದಲ್ಲಿ ಮಗ್ಗಾನೇ ಇಲ್ಲ."

ಅವನ ಮುಖ ಕೆಂಪಾಯಿತು. "ಊರೆಲ್ಲಾ ಹೇಳ್ಕೊಂಡ್ ಬಂದಿದೀನಲ್ಲೇ! ಟೀ ಅಂಗಡೀಲಿ ಮುದುಕರ ಹತ್ರ ಎಲ್ಲಾ ವಾದ ಮಾಡಿದೀನಿ!"

ಸಂಜೆಯ ಹೊತ್ತಿಗೆ ಬೀದಿಗೆ ಬೀದಿಯೇ ನಗುತ್ತಿತ್ತು. ‘ಫಾರಿನ್ ಕೆಚ್ಚು’ ಎಂಬ ಅಡ್ಡಹೆಸರು ಅವನಿಗೆ ಅವತ್ತೇ ಬಿತ್ತು. ಮುಂದಿನ ಹಾಸು ಬಿದ್ದಾಗ ಅವನು ಕೂರಲಿಲ್ಲ, ಕ್ರಾಪು ತೀಡಿಕೊಂಡು ಹೊರಟುಹೋದ. ನಾನು ಕೂತೆ. ಅದರ ಮುಂದಿನದಕ್ಕೂ ನಾನೇ. ಫೆಬ್ರವರಿಯಲ್ಲಿ ಹೆಡ್ಮಿಸ್ಟ್ರೆಸ್ಸು ನನ್ನನ್ನು ಕರೆದು, ಇನ್ನೊಂದು ದಿನ ತಪ್ಪಿಸಿದರೂ ಹೆಸರು ಕಳಿಸುವುದಿಲ್ಲ ಎಂದರು. ಅಪ್ಪನಿಗೆ ಹೇಳಿದಾಗ ಅವರು ಹೊರಗಿನವರನ್ನು ಕರೆಸಿದರು. ಮಗ್ಗಗಳು ದಿನಗಟ್ಟಲೆ ನಿಂತವು. ಮನೆಯಲ್ಲಿ ಮಾತು ಕಡಿಮೆಯಾಯಿತು. ಹಾಲ್ ಟಿಕೆಟ್ಟು ಬಂತು. ಅದನ್ನು ನೋಡಿ ಅಪ್ಪ, "ಹೊರಗಿನೋರು ಹೇಳಿದ್ ದಿನಕ್ಕೆ ಬರಲ್ಲ. ಆ ವಾರ ಹಾಸು ಬಿದ್ರೆ ನೋಡಣ," ಎಂದರಷ್ಟೆ.

ಆ ವಾರ ಹಾಸು ಬೀಳುವುದಿತ್ತು. ಡೈರಿಯಲ್ಲಿ ಹಿಂದಿನ ಹಾಸುಗಳ ಲೆಕ್ಕ ನೋಡಿದರೆ, ಅದು ಬೀಳುವುದು ಕನ್ನಡ ಪರೀಕ್ಷೆಯ ಹಿಂದಿನ ಸಂಜೆ. ಎರಡು ಸಲ ಎಣಿಸಿದೆ, ಅಲ್ಲಿಗೇ ಬಂತು.

ಅಣ್ಣ ಒಂದು ಉಪಾಯ ಹೇಳಿದ. ಅವನಿಗೆ ನನ್ನ ಮೇಲೆ ಸಿಟ್ಟು ಇಳಿದಿತ್ತು, ಪುಸ್ತಕದ ಮೇಲೆ ಇಳಿದಿರಲಿಲ್ಲ.

"ಹಾಲ್ ಟಿಕೆಟ್ ಬಂದಮೇಲೆ ಪರೀಕ್ಷೆಗೆ ಹೋಗದಿದ್ರೆ ಪೊಲೀಸ್ನೋರು ಬರ್ತಾರೆ ಅಂತ ಹೇಳ್ಬಿಡು. ಅಪ್ಪ ನಂಬ್ತಾರೆ. ಸರ್ಕಾರದ ಸೀಲು ಬೇರೆ ಐತೆ."

ಅಪ್ಪ ನಂಬುತ್ತಿದ್ದರು. ಅದೇ ನನ್ನನ್ನು ತಡೆಯಿತು. ಆ ರಾತ್ರಿ ಊಟವಾದ ಮೇಲೆ ಕಾದಂಬರಿಯನ್ನು ಮತ್ತೆ ತೆಗೆದೆ. ಈ ಸಲ ಮಗ್ಗವಿಲ್ಲದ ಕಣ್ಣಿನಿಂದ ಓದಿದೆ. ಹಿಂದೆ ನಾನು ಅವಸರದಲ್ಲಿ ದಾಟಿಹೋಗಿದ್ದ ಒಂದು ಜಾಗ ಸಿಕ್ಕಿತು. ಊರಿಗೆ ಬಂದ ಮೊದಲ ದಿನವೇ, ಇನ್ನೂ ಕೋಟು ಬಿಚ್ಚುವ ಮುಂಚೆ, ಹುಡುಗ ಮಲತಾಯಿಯ ಎದುರು ನಿಂತು ಹೇಳುತ್ತಾನೆ: ಕಟ್ಟೆ ಕಟ್ಟಿಕೊಡುತ್ತೇನೆ, ಹಿಮ ಕರಗಿದ ಮೇಲೆ ಶಾಲೆಗೆ ಹೋಗುತ್ತೇನೆ. ಅವಳು ಮೂರು ದಿನ ಅವನ ಜೊತೆ ಮಾತಾಡುವುದಿಲ್ಲ. ಅವನು ದಿನವೂ ನೀರಿಗಿಳಿದು ಕಲ್ಲು ಹೊರುತ್ತಾನೆ. ಹಿಮ ಕರಗಿದ ಮೇಲೆ ಹೊರಡುತ್ತಾನೆ, ಮುಂಬಾಗಿಲಿನಿಂದ.

ಇದರಲ್ಲಿ ತ್ಯಾಗ ಎಲ್ಲಿದೆ? ಅವನು ಏನನ್ನೂ ಬಿಡಲಿಲ್ಲ. ಗಿರಣಿಯನ್ನೂ ಬಿಡಲಿಲ್ಲ, ಶಾಲೆಯನ್ನೂ ಬಿಡಲಿಲ್ಲ. ಹಿರಿಯರ ಮಾತನ್ನಂತೂ ಎರಡು ಸಲವೂ ಮೀರಿದ. ಮೊದಲ ಸಲ ಹೇಳದೆ ಮೀರಿದ, ಎರಡನೆಯ ಸಲ ಹೇಳಿ ಮೀರಿದ. ಈ ಎರಡರ ನಡುವೆ ಅವನು ದೊಡ್ಡವನಾಗಿದ್ದ. ಸುಳ್ಳು ಹೇಳಬಾರದು ಎಂಬುದಕ್ಕೆ ನಾನು ಹುಡುಕುತ್ತಿದ್ದ ಕಾರಣವೂ ಅಲ್ಲೇ ಇತ್ತು. ಸುಳ್ಳಿನಿಂದ ಕೆಡುಕಾಗುತ್ತದೆ ಎಂದಲ್ಲ, ಎಷ್ಟೋ ಸಲ ಅನುಕೂಲವೇ ಆಗುತ್ತದೆ. ಆದರೆ ಸುಳ್ಳು ಹೇಳಿ ಪಡೆದದ್ದನ್ನು ನಾಳೆ ಮತ್ತೊಂದು ಸುಳ್ಳು ಹೇಳಿಯೇ ಉಳಿಸಿಕೊಳ್ಳಬೇಕು. ಪೊಲೀಸರ ಹೆಸರು ಹೇಳಿ ಹತ್ತನೆಯದು ಬರೆಯಬಹುದು. ಕಾಲೇಜಿಗೆ ಯಾರ ಹೆಸರು ಹೇಳಲಿ?

ಬೆಳಿಗ್ಗೆ ಅಪ್ಪ ಕಾಫಿ ಕುಡಿಯುತ್ತಿರುವಾಗ ಎದುರು ನಿಂತೆ. ಪರೀಕ್ಷೆಗೆ ಇನ್ನೂ ಹತ್ತು ದಿನವಿತ್ತು.

"ಅಪ್ಪಾ, ಪರೀಕ್ಷೆ ಹಿಂದಿನ ಸಂಜೆ ಹಾಸು ಮುಗಿಯುತ್ತೆ. ಮಾರನೇ ದಿನ ನಾನು ಕೂರಲ್ಲ. ಪರೀಕ್ಷೆಗೆ ಹೋಗ್ತೀನಿ."

ಅಪ್ಪ ಲೋಟ ಕೆಳಗಿಡಲಿಲ್ಲ. "ಮಗ್ಗ?"

"ನಿಲ್ಲುತ್ತೆ. ಸಾಯಂಕಾಲ ಬಂದು ಕೂರ್ತೀನಿ. ಮಿಕ್ಕಿದ್ದು ಪರೀಕ್ಷೆ ಇಲ್ಲದ ದಿನ ಮುಗಿಸ್ತೀನಿ. ಪರೀಕ್ಷೆಗಳಿಗೆ ಮಾತ್ರ ಹೋಗೇ ಹೋಗ್ತೀನಿ."

"ಯಾರ್ ಹೇಳ್ಕೊಟ್ರು ಹಿಂಗ್ ಮಾತಾಡೋದು?"

"ಯಾರೂ ಇಲ್ಲ."

ಅವರು ಎದ್ದು ಹೊರಗೆ ಹೋದರು. ಆಮೇಲೆ ಪರೀಕ್ಷೆಯ ಮಾತನ್ನೇ ಎತ್ತಲಿಲ್ಲ. ಅಮ್ಮ ಮಾತ್ರ ಒಲೆಯ ಮುಂದಿನಿಂದ, "ಹೇಳಿದ್ದು ಹೇಳ್ಬಿಟ್ಟೆ, ಇನ್ನು ಚೆನ್ನಾಗಾದ್ರೂ ಓದು," ಎಂದಳು.

ಅವತ್ತು ನನ್ನ ಬದಲು ಕೂರು ಎಂದು ಅಣ್ಣನನ್ನು ನಾನು ಕೇಳಲಿಲ್ಲ ಎಂದಲ್ಲ. ಕೇಳಿದೆ. ಹಳ್ಳಿಯ ಗಂಡಸರು ಸೇತುವೆಯ ಮೇಲೆ ನಿಂತು ನಗುತ್ತಿದ್ದರೂ ಗಿರಣಿ ಹುಡುಗ ಕಲ್ಲು ಹೊರುವುದನ್ನು ನಿಲ್ಲಿಸಲಿಲ್ಲ ಎಂದು ಶುರುಮಾಡಿದ್ದೆ. ಅವನು ಕೈ ಅಡ್ಡ ಹಿಡಿದ.

"ಸಾಕು ಮಾರಾಯ್ತಿ. ಆ ಹುಡುಗನ ಸುದ್ದಿ ನನ್ ಹತ್ರ ತರ್ಬೇಡ ಇನ್ಮೇಲೆ."

ಹಾಸು ಲೆಕ್ಕ ಹಾಕಿದ ಸಂಜೆಯೇ ಮುಗಿಯಿತು. ಒಂದು ಮಗ್ಗ ನಿಂತಿತು, ಮನೆಯ ಸದ್ದು ಅರ್ಧವಾಯಿತು. ಅಪ್ಪ ಹೊಸ ಹಾಸನ್ನು ತಂದು ಮಗ್ಗಕ್ಕೆ ಏರಿಸಿ, ಬೂದಿಯ ತಟ್ಟೆಯನ್ನು ಪಕ್ಕದಲ್ಲಿಟ್ಟರು. ಯಾರ ಕಡೆಯೂ ನೋಡಲಿಲ್ಲ. ಬೆಳಿಗ್ಗೆ ನಾನು ಸ್ನಾನ ಮಾಡಿ, ದೇವರಿಗೆ ಕೈಮುಗಿದು, ಪೆನ್ನಿಗೆ ಇಂಕು ತುಂಬಿಸಿಕೊಂಡು ಹೊರಟೆ. ಬಾಗಿಲು ದಾಟಬೇಕಾದರೆ ಆ ಮಗ್ಗದ ಪಕ್ಕದಲ್ಲೇ ಹಾಯಬೇಕು. ಹಳೆಯ ಎಳೆಗಳ ತುದಿ ಒಂದು ಕಡೆ, ಹೊಸದರ ತುದಿ ಇನ್ನೊಂದು ಕಡೆ ಜೋತಾಡುತ್ತಿದ್ದವು. ಅಪ್ಪ ಜಗಲಿಯ ಮೇಲಿದ್ದರು.

"ಅಪ್ಪಾ, ಹೋಗ್ಬರ್ತೀನಿ."

ನಾನು ಮೆಟ್ಟಿಲಿಳಿದೆ. ಬೀದಿಯ ತಿರುವಿನವರೆಗೆ ಕರೆಯುತ್ತಾರೇನೋ ಎಂದು ಕಿವಿಗೊಟ್ಟೇ ನಡೆದೆ. ಕರೆದರೂ ನಿಲ್ಲಬಾರದೆಂದು ಗಟ್ಟಿ ಮಾಡಿಕೊಂಡಿದ್ದೆ. ಕರೆಯಲಿಲ್ಲ.

ಪ್ರಶ್ನೆಪತ್ರಿಕೆಯಲ್ಲಿ ಉಪಪಠ್ಯದ ಮೇಲೆ ಬಂದದ್ದು ಒಂದೇ ದೊಡ್ಡ ಪ್ರಶ್ನೆ: ಕಾದಂಬರಿಯ ನಾಯಕನ ಬಾಳಿನಿಂದ ನೀವು ಕಲಿಯುವ ನೀತಿಗಳನ್ನು ಬರೆಯಿರಿ. ಮೇಷ್ಟ್ರು ಬರೆ ಎಂದಿದ್ದ ನಾಲ್ಕು ಸಾಲು ಬಾಯಿಪಾಠವಾಗಿತ್ತು. ಪೇಪರ್ ತಿದ್ದುವವರು ಯಾವ ಊರಿನವರೋ ಎಂಬ ಅವರ ಮಾತೂ ನೆನಪಿತ್ತು. ‘ಹುಟ್ಟಿದ ಮನೆಯನ್ನು ಮರೆಯಬಾರದು’ ಎಂಬುದನ್ನು ಬರೆದೆ, ನಾನು ಅದನ್ನು ಒಪ್ಪುತ್ತಿದ್ದೆ. ತ್ಯಾಗವನ್ನು ಬಿಟ್ಟೆ. ಹಿರಿಯರ ಮಾತನ್ನು ಮೀರಬೇಕಾಗಿ ಬಂದರೆ ಅವರ ಎದುರು ನಿಂತು, ಮೊದಲೇ ಹೇಳಿ, ಅವರ ಕೆಲಸಕ್ಕೂ ಹೆಗಲು ಕೊಟ್ಟು ಮೀರಬೇಕು ಎಂಬುದೇ ನಾನು ಈ ಕಥೆಯಿಂದ ಕಲಿತದ್ದು ಎಂದು ಬರೆದೆ. ಸುಳ್ಳು ಏಳು, ಕೆಡುಕು ಎರಡು ಎಂಬ ಲೆಕ್ಕವನ್ನೂ ಕೊಟ್ಟೆ. ಗಂಟೆ ಹೊಡೆದಾಗ ಕೊನೆಯ ಸಾಲಿನಲ್ಲಿದ್ದೆ. ನಾಲ್ಕರಲ್ಲಿ ಎಷ್ಟು ಬರುತ್ತದೋ ಗೊತ್ತಿರಲಿಲ್ಲ, ಆದರೆ ಒಂದು ಅಕ್ಷರವನ್ನೂ ಹೊಡೆದುಹಾಕುವ ಮನಸ್ಸಾಗಲಿಲ್ಲ.

ವಾಪಸು ಬರುವಾಗ ಬಿಸಿಲು ಇನ್ನೂ ಜೋರಿತ್ತು. ಸಂಜೆಯವರೆಗೆ ಎಷ್ಟು ಎಳೆ ಮುಗಿಸಬಹುದು, ನಾಳೆಯ ಪರೀಕ್ಷೆಗೆ ಓದಲು ಯಾವಾಗ ಕೂರುವುದು ಎಂದು ಲೆಕ್ಕ ಹಾಕುತ್ತ ಬೀದಿ ತಿರುಗಿದೆ. ನಮ್ಮ ಮನೆಯ ಕಿಟಕಿ ಪೂರ್ತಿ ತೆರೆದಿತ್ತು. ಒಳಗಿನಿಂದ ಅಣ್ಣನ ದನಿ ಬೀದಿಗೇ ಕೇಳುತ್ತಿತ್ತು.

"ಅಪ್ಪಾ, ಹಂಗಲ್ಲ. ಬೂದಿ ಜಾಸ್ತಿ ಆಯ್ತು. ಹೆಬ್ಬೆಟ್ಟು ಹೊರಗಡೆ ತಿರುಗಬೇಕು, ಹೊರಗಡೆ."

"ತಿರುಗಿಸ್ತಾನೇ ಇದೀನಲ್ಲೋ."

"ಅದು ಒಳಗಡೆ. ಬಿಚ್ಕೊಳ್ಳುತ್ತೆ. ಬಿಡಿ, ಅದು ನಾನ್ ಹಾಕ್ತೀನಿ, ನೀವು ಮುಂದಿನದು ಹಿಡೀರಿ."

ಹಾಸಿನ ಒಂದು ತುದಿಯಲ್ಲಿ ಅಣ್ಣ, ಇನ್ನೊಂದು ತುದಿಯಲ್ಲಿ ಅಪ್ಪ ಕೂತಿದ್ದರು. ಅಪ್ಪನ ಮೂಗಿನ ಮೇಲೆ ಅಮ್ಮನ ಕನ್ನಡಕ. ಅಣ್ಣ ತನ್ನ ಕಡೆಯಿಂದ ಅರ್ಧಕ್ಕಿಂತ ಹೆಚ್ಚು ಮುಗಿಸಿದ್ದ. ಅಪ್ಪನ ಕಡೆ ಒಂದು ಬೆರಳಗಲ ಆಗಿತ್ತು. ಗೋಡೆಗೊರಗಿ ಕೂತ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗು ತಡೆಯುತ್ತಿದ್ದಳು. ಯಾರು ಮೊದಲು ಕೂತರು, ಯಾರು ಯಾರನ್ನು ಕರೆದರು ಎಂದು ಆಮೇಲೆ ಎಷ್ಟು ಸಲ ಕೇಳಿದರೂ ಮೂವರಲ್ಲಿ ಒಬ್ಬರೂ ಹೇಳಲಿಲ್ಲ. ಆ ದಿನದ ಡೈರಿಯಲ್ಲಿ ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ.

ನಾನು ಕೈಕಾಲು ತೊಳೆದುಕೊಂಡು ಬಂದು, ಬೂದಿಯ ತಟ್ಟೆಗೆ ಕೈ ಚಾಚಿದೆ.

ಅಪ್ಪ ಕನ್ನಡಕದ ಮೇಲಿನಿಂದ ನೋಡಿದರು. "ನಾಳೆ ಯಾವ್ದು?"

"ಇಂಗ್ಲಿಷು."

"ಮತ್ತೆ ಹೋಗಿ ಓದ್ಕೋ ಹೋಗು. ಅಲ್ಲಿ ನಿಂತ್ಕೋಬೇಡ, ಬೆಳಕಿಗೆ ಅಡ್ಡ ಆಗ್ತೀಯ."